ಒಣಬೆಂಡೆ

ಗುತ್ತಲು ರಸ್ತೆಯ ಮನೆಯ ತಾರಸಿ ಮೇಲೆ
ಹಳೇ ಪಂಚೆ ಹಾಸಿ ಅವ್ವ
ಬೆಂಡೆಕಾಯಿ ಒಣಗಿಸುತ್ತಾಳೆ.
"ಬಾಳಕಕ್ಕೇನವ್ವಾ?" ಪಕ್ಕದ ಮನೆ ಗೌರಕ್ಕ ಕೇಳುತ್ತಾಳೆ,
ವರ್ಷವೂ ಕೇಳುತ್ತಾಳೆ.
"ಅಲ್ಲ ಕಣಕ್ಕ, ಪುಡಿಗೆ."
ಬೆಂಡೆಕಾಯಿ ಪುಡಿ ಯಾವ ಸಾರಿಗೆ ಅಂತ
ಗೌರಕ್ಕನೂ ಕೆದಕಿಲ್ಲ,
ಅವ್ವನೂ ಬಾಯಿ ಬಿಟ್ಟಿಲ್ಲ.

ಪಾಕದ ಹದ ಗೊತ್ತಿತ್ತು ಅಪ್ಪನಿಗೆ.
ಗಾಜಿನ ಚೂರಿಗೆ ಒಂದು ಹನಿ ಸವರಿ
ದೀಪಕ್ಕೆ ಹಿಡಿದರೆ ಸಾಕು,
ಸಕ್ಕರೆ ಕಾಳು ಕಟ್ಟಿತೋ ಇಲ್ಲವೋ ಹೇಳಿಬಿಡುತ್ತಿದ್ದ.
ಮಂಡ್ಯದಲ್ಲಿ ಕಬ್ಬು ನುರಿಸುವುದು ನಿಂತ ವರ್ಷ
ಸೂಡಾನಿನ ಕಂಪನಿಯೊಂದು ಆ ಬೆರಳನ್ನು ಕೊಂಡಿತು.
ಬೆರಳಿನ ಹಿಂದೆ ನಾವು ಹೋದೆವು.

ಬಿ ಹದಿನೇಳು ನಮ್ಮ ಕ್ವಾರ್ಟರ್ಸು.
ಸುತ್ತ ತಂತಿಬೇಲಿ, ಬೇಲಿಯಾಚೆ ಕಬ್ಬು,
ಕಬ್ಬಿನಾಚೆಗೂ ಕಬ್ಬು, ಆಮೇಲೆ ಮರಳು.
ಕರೆಂಟು ಕಂಪನಿಯದು, ನೀರು ಕಂಪನಿಯದು,
ಕ್ಲಬ್ಬಿನ ಈಜುಕೊಳ, ಶುಕ್ರವಾರದ ರಜೆ,
ನಮ್ಮ ಪಾಸ್‌ಪೋರ್ಟು ಮಲಗಿದ್ದ ಬೀರು ಕೂಡ.
ಒಗೆದು ಹರವಿದ ಬಟ್ಟೆ ಮೇಲೆ ಬಂದು ಕೂರುವ
ಕರಿಬೂದಿಯೊಂದು ಮಾತ್ರ ನಮ್ಮೂರಿನದು.
ಮೊದಲ ದಿನ ಅವ್ವ ಅದನ್ನು ಕೊಡವಲಿಲ್ಲ,
ಮೂಸಿದಳು.
"ಕಾಕಂಬಿ ವಾಸ್ನೆ ಎಲ್ಲಿದ್ರೂ ಒಂದೇಯ."

ಸಂಜೆ ಕ್ಲಬ್ಬಿನಲ್ಲಿ ಹೆಂಗಸರು.
ಕೊಲ್ಹಾಪುರದ ಇಂಜಿನಿಯರ ಹೆಂಡತಿ, ಮನಿಲಾದ ನರ್ಸು,
ತಣುಕಿನ ಕೆಮಿಸ್ಟಿನ ಮನೆಯಾಕೆ.
ಗಂಡಂದಿರ ಗ್ರೇಡಿನ ಪ್ರಕಾರ ಕುರ್ಚಿ.
ಮನೆಯಲ್ಲಿ ಏನು ತಿನ್ನುತ್ತೀರಿ ಅಂತ ಯಾರೋ ಕೇಳಿದರು.
"ಬ್ರೆಡ್ಡು" ಅಂದಳು ಅವ್ವ.
ಸೂಟ್‌ಕೇಸಿನಲ್ಲಿ ತಂದ ರಾಗಿಹಿಟ್ಟು ಮುಗಿದು ತಿಂಗಳಾಗಿತ್ತು.
ಖಾಲಿ ಚೀಲ ಮಡಿಸಿ
ತಲೆದಿಂಬಿನ ಕೆಳಗಿಟ್ಟುಕೊಂಡಿದ್ದಳು. ನಾನು ನೋಡಿದ್ದೆ.

ಬೇಲಿಗೆ ಆಡು ನುಸುಳುವ ಒಂದು ತೂತಿತ್ತು.
ಮಧ್ಯಾಹ್ನ ನನ್ನ ಚೆಂಡು ಅದರಲ್ಲಿ ಹೋಯಿತು,
ಚೆಂಡಿನ ಹಿಂದೆ ನಾನು,
ನನ್ನ ಹಿಂದೆ, ಕೈಯಲ್ಲಿ ಚಪ್ಪಲಿ ಹಿಡಿದು, ಅವ್ವ.

ಆಚೆ, ಗೇಟು ಕಾಯುವ ಇದ್ರೀಸನ ಗುಡಿಸಲ ಮುಂದೆ
ಅವನ ಹೆಂಡತಿ ಸಿತ್ತನಾ ಕುಕ್ಕುರುಗಾಲಲ್ಲಿ ಕೂತು
ಎರಡೂ ಪಾದದಲ್ಲಿ ಮಡಕೆ ಅದುಮಿಕೊಂಡು
ಕೋಲಿನಿಂದ ಹಿಟ್ಟು ತಿರುವುತ್ತಿದ್ದಳು.
ಅದೇ ಕೋಲು. ಗಂಟಾಗಬಾರದೆಂದು
ಹಿಟ್ಟನ್ನೇ ಬೈಯುವ ಅದೇ ಗೊಣಗು.
ತಟ್ಟೆಗೆ ಕವುಚಿದಳು, ಹೊಗೆಯಾಡುವ ಜೋಳದ ಗುಂಡು,
ಸುತ್ತ ಒಣಬೆಂಡೆ ಪುಡಿಯ ಲೋಳೆ ಸಾರು.

ಅವ್ವನ ಕೈಯ ಚಪ್ಪಲಿ ಕೆಳಗೆ ಬಿತ್ತು.
"ಮುದ್ದೆ" ಅಂದಳು.
"ಅಸೀದಾ" ಅಂದಳು ಆಕೆ.
ಒಬ್ಬರನ್ನೊಬ್ಬರು ತಿದ್ದಲಿಲ್ಲ.
ಅವ್ವ ಕೈ ತೊಳೆದು, ಮುರಿದು, ಅದ್ದಿ,
ಅಗಿಯದೆ ನುಂಗಿದಳು.
ಸಿತ್ತನಾ ಮೊಣಕಾಲು ತಟ್ಟಿಕೊಂಡು ನಕ್ಕಳು,
ಈ ದೇಶದವಳೇ ಬಿಡು ಎಂಬಂತೆ.

ಬೇಲಿಯಾಚೆಯವರ ಒಡನಾಟ ಕೂಡದು
ಎಂದು ಅಪ್ಪನಿಗೊಂದು ಕಾಗದ ಬಂತು.
ಅಪ್ಪ ಎರಡು ಸಲ ಓದಿದ, ನಾಲ್ಕು ಮಡಿಕೆ ಮಾಡಿ
ಅಲುಗಾಡುವ ಊಟದ ಮೇಜಿನ ಕಾಲಿಗೆ ಕೊಟ್ಟ.
ಒಂಬತ್ತು ವರ್ಷ ಮೇಜು ಅಲುಗಲಿಲ್ಲ.

ಈಗ ಅಲ್ಲಿ ಯುದ್ಧ.
ಟಿವಿಯಲ್ಲಿ ಹೊಗೆ ತೋರಿಸಿದರೆ ಅವ್ವ
ಯಾವ ಊರು ಓದು ಅನ್ನುತ್ತಾಳೆ,
ಓದುತ್ತೇನೆ, ಅದಲ್ಲ ಅನ್ನುತ್ತಾಳೆ.
ಇದ್ರೀಸನ ಮಗನ ನಂಬರು ನನ್ನ ಫೋನಿನಲ್ಲಿದೆ.
ಒತ್ತಿದರೆ ಒಬ್ಬಳು ಅರಬ್ಬಿಯಲ್ಲಿ ಏನೋ ಹೇಳುತ್ತಾಳೆ,
ತುಂಬ ಮೃದುವಾಗಿ,
ಆಮೇಲೆ ಕಟ್.

ಈ ವರ್ಷ ಗೌರಕ್ಕ ತಡೆಯಲಾರದೆ ಬಟ್ಟಲು ಹಿಡಿದು ಬಂದಳು.
"ಅದೇನ್ ಸಾರು ಮಾಡೀಯೋ ಒಸಿ ಕೊಡವ್ವ, ನೋಡುವ."
ಬೆರಳದ್ದಿ ನೆಕ್ಕಿ ಮುಖ ಕಿವಿಚಿದಳು.
"ಅಯ್ಯೋ, ಬರೀ ಲೋಳೆ ಕಣೆ."

"ಊಂ ಕಣಕ್ಕ," ಅಂದಳು ಅವ್ವ, ಇನ್ನೊಂದು ಸೌಟು ಬಡಿಸುತ್ತ,
"ನುಂಗಕ್ಕೆ ಸಲೀಸು."